ಎಡಗಡೆಯ ಚಕ್ರ

ಬಸವೇಶ್ವರನಗರ, ಬೆಂಗಳೂರು
12 ಜನವರಿ 2025

ಜಗಣ್ಣನಿಗೆ ನೀಲಾಳ ಶರಣು.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರು ಬರೆದದ್ದು ಎಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದರೆ ಇನ್ನೂ ಸ್ವಲ್ಪ ಓದು. ವಿಳಾಸ ಕೊಟ್ಟದ್ದು ಹನುಮವ್ವ ಚಿಕ್ಕವ್ವ. ನಂಬರ್ ಕೂಡ ಕೊಡುತ್ತೇನೆ ಎಂದಳು, ನಾನೇ ಬೇಡವೆಂದೆ. ಫೋನ್ ಮಾಡಿದರೆ ನಾವಿಬ್ಬರೂ ಸುಮ್ಮನೆ ಉಸಿರಾಡುತ್ತಾ ನಿಂತಿರುತ್ತೇವೆ, ಅಷ್ಟೆ.

ವಿಷಯ ಜೀಪಿನ ಹಿಂದೆ ಕಟ್ಟಿ ಎಳೆಯುವ ಆ ಮನೆಗಾಡಿಯದು. ನೀನೂ ನಮ್ಮ ಯಜಮಾನರೂ ಸೇರಿ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡಿನಲ್ಲಿ ಕಟ್ಟಿದ ಗಾಡಿ ಇನ್ನೂ ಇದೆ. ಅವರು ಹೋದ ಮೇಲೆ ಅದನ್ನು ಚಂದ್ರಾ ಲೇಔಟಿನ ಖಾಲಿ ಸೈಟಿಗೆ ಎಳೆಸಿ, ಟಾರ್ಪಾಲು ಹೊದಿಸಿ ಬಿಟ್ಟಿದ್ದೆ. ಹನ್ನೊಂದು ವರ್ಷ ಅಲ್ಲೇ ನಿಂತಿತ್ತು. ಈಗ ಆ ಸೈಟಿನವರು ಮನೆ ಕಟ್ಟುತ್ತಾರಂತೆ, ಜಾಗ ಬಿಡಿ ಎಂದರು. ಗುಜರಿಯವನನ್ನು ಕರೆಸಿದೆ. ಅವನು ಗಾಡಿಯನ್ನು ಒಂದು ಸುತ್ತು ಹಾಕಿ, ಕಬ್ಬಿಣ ಎಷ್ಟಿರಬಹುದು ಎಂದು ಕಾಲಿನಿಂದ ಒದ್ದು ನೋಡಿದ. ಆ ಒದೆತ ನನಗೆ ತಡೆಯಲಾಗಲಿಲ್ಲ. ಕೊಡುವುದಿಲ್ಲ ಎಂದು ಕಳಿಸಿಬಿಟ್ಟೆ.

ಕೆಂಗೇರಿಯಲ್ಲಿ ಬೈರಪ್ಪ ಎಂಬುವರ ಗ್ಯಾರೇಜಿದೆ. ತಮ್ಮ ಹಳೇ ಹೊಲದ ಉಳಿದ ಚೂರಿನಲ್ಲಿ ಶೆಡ್ ಹಾಕಿಕೊಂಡಿದ್ದಾರೆ. ನಮ್ಮ ಕನ್ನಡಕದ ಅಂಗಡಿಗೆ ಕಣ್ಣು ಪರೀಕ್ಷೆಗೆ ಬರುವವರು. ಅವರೇ ಒಂದು ಲಾರಿ ತಂದು ಅದರ ಮೇಲೆ ಗಾಡಿ ಹೇರಿಸಿಕೊಂಡು ಹೋದರು. ನೋಡಿ ಹೇಳಿದ್ದು ಇಷ್ಟು: "ಅಮ್ಮಾ, ಮೇಲಿನ್ ಮನೆ ಗಟ್ಟಿಯಾಗೈತೆ. ಕೆಳಗಡೆ ಬ್ರೇಕು, ಶಾಕ್ ಅಬ್ಸಾರ್ಬರು ಎಲ್ಲಾ ಹೋಗೈತೆ. ಹಂಗೇ ರೋಡಿಗಿಳ್ಸಿದ್ರೆ ಮುಂದಿರೋನೂ ಉಳಿಯಾಕಿಲ್ಲ, ಹಿಂದಿರೋನೂ ಉಳಿಯಾಕಿಲ್ಲ." ಆದರೆ ಯಾವ ಸೈಜಿನ ಸಾಮಾನು ತರಬೇಕು ಎಂದು ಅವರಿಗೆ ತಿಳಿಯಲಿಲ್ಲ. ಅದು ಯಾವ ಕಂಪನಿಯ ಗಾಡಿಯೂ ಅಲ್ಲವಲ್ಲ. ಕಟ್ಟಿದವರು ಇಬ್ಬರು, ಅವರಲ್ಲಿ ಉಳಿದಿರುವವನು ನೀನೊಬ್ಬ.

ಬ್ರೇಕಿನ ಶೂ ಯಾವುದು, ಶಾಕ್ ಅಬ್ಸಾರ್ಬರ್ ಯಾವುದು, ಅಷ್ಟು ಬರೆದರೆ ಸಾಕು. ಬೇರೇನೂ ಬರೆಯಬೇಕಾಗಿಲ್ಲ.

ಮಾವ ಚೆನ್ನಾಗಿದ್ದಾರೆ. ಎಂಬತ್ನಾಲ್ಕು ತುಂಬಿತು. ನನ್ನ ಜೊತೆಯಲ್ಲೇ ಇದ್ದಾರೆ. ನಿನಗೆ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಇತಿ,
ನೀಲಗಂಗಾ


ಚಿತ್ರದುರ್ಗ
3 ಫೆಬ್ರವರಿ 2025

ನೀಲಾ,

ಅದನ್ನು ಗುಜರಿಗೆ ಹಾಕು.

ಹಾಕುವುದಿಲ್ಲ ಎಂದಾದರೆ: ಚಕ್ರದ ನಡುವಿನ ಹಬ್ಬು, ಅದರ ಮೇಲಿನ ಬ್ರೇಕ್ ಡ್ರಮ್ಮು ಹಳೇ ಅಂಬಾಸಿಡರಿನವು. ಮುಂದಿನ ಚಕ್ರದ ಶೂ ಕೇಳಬೇಕು, ಹಿಂದಿನದಲ್ಲ. ಚಕ್ರದ ಸಿಲಿಂಡರ್ ಎರಡೂ ಹೊಸದೇ ಹಾಕಿಸು, ಹಳೆಯದರ ರಬ್ಬರು ಬದಲಿಸಿ ಸಾಗಹಾಕಲು ಬಿಡಬೇಡ. ಶಾಕ್ ಅಬ್ಸಾರ್ಬರ್ ಜೀಪಿನ ಹಿಂಬದಿಯದು. ಬೋಲ್ಟ್ ಕೂರುವ ಮೇಲಿನ ಕಣ್ಣಿಗೆ ನಾವು ಬೇರೆ ಬುಷ್ ಹಾಕಿದ್ದೆವು. ಹಳೆಯದನ್ನು ಜೊತೆಗೆ ಒಯ್ದು ಅಂಗಡಿಯಲ್ಲಿ ಪಕ್ಕಕ್ಕಿಟ್ಟು ನೋಡಿ ತನ್ನಿ.

ನಾನು ಈಗ ಆ ಕೆಲಸ ಮಾಡುವುದಿಲ್ಲ. ಹೈವೇ ಪಕ್ಕದ ವೇಬ್ರಿಜ್‌ನಲ್ಲಿ ಕೂರುತ್ತೇನೆ. ಲಾರಿ ಹತ್ತುತ್ತದೆ, ತೂಕ ಬರುತ್ತದೆ, ಚೀಟಿ ಕೊಡುತ್ತೇನೆ.

ಜಗನ್ನಾಥ


ಬಸವೇಶ್ವರನಗರ
2 ಮಾರ್ಚ್ 2025

ಜಗಣ್ಣನಿಗೆ,

ನೀನು ಬರೆದ ಚೀಟಿ ಹಿಡಿದುಕೊಂಡು ಜೆ.ಸಿ. ರಸ್ತೆಗೆ ಹೋಗಿ ಎಲ್ಲವನ್ನೂ ತಂದೆವು. ಅಂಗಡಿಯವನು ನಿನ್ನ ಅಕ್ಷರ ನೋಡಿ, "ಇದು ಬರ್ದಿರೋರು ಕೆಲ್ಸ ಗೊತ್ತಿರೋರು" ಎಂದ. ಹೌದು ಎಂದೆ.

ಭಾನುವಾರ ನನಗೆ ಅಂಗಡಿ ರಜೆ. ಮಾವನಿಗೆ ತಿಂಡಿ ಕೊಟ್ಟು, ಮಧ್ಯಾಹ್ನಕ್ಕೆ ಮುಚ್ಚಿಟ್ಟು, ವಿಜಯನಗರದಿಂದ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗುತ್ತೇನೆ. ಮಠಕ್ಕೆ ಹೋಗಿದ್ದೆ ಎಂದು ಹೇಳುತ್ತೇನೆ. ಬೈರಪ್ಪನವರು ಮೊದಲ ದಿನ ನನಗೊಂದು ಕುರ್ಚಿ ಹಾಕಿದರು. ಎರಡನೇ ಭಾನುವಾರ, "ಕೂತ್ಕಂಡು ನೋಡಿದ್ರೆ ಬೇಜಾರಾಯ್ತದೆ, ತಗಳಿ" ಎಂದು ತಂತಿಯ ಬ್ರಷ್ ಕೈಗೆ ಕೊಟ್ಟರು. ಸ್ಪ್ರಿಂಗಿನ ಪಟ್ಟಿಗಳ ತುಕ್ಕು ಉಜ್ಜಿದ್ದು ನಾನೇ. ಮೂರು ದಿನ ತೋಳು ಮೇಲೆತ್ತಲಾಗಲಿಲ್ಲ. ಅಂಗಡಿಯಲ್ಲಿ ಲೆನ್ಸ್ ಬದಲಿಸಲು ಎರಡು ಪಟ್ಟು ಹೊತ್ತು ಹಿಡಿಯಿತು. ಆದರೂ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಹಳೇ ಶಾಕ್ ಅಬ್ಸಾರ್ಬರ್ ಬಿಚ್ಚಲು ಮೂರು ಗಂಟೆ ಹಿಡಿಯಿತು. ನಟ್ಟು ತುಕ್ಕು ಹಿಡಿದು ಬೋಲ್ಟಿನ ಜೊತೆ ಒಂದೇ ಆಗಿತ್ತು. ಬೈರಪ್ಪ ಗ್ಯಾಸಿನಲ್ಲಿ ಕಾಯಿಸಿ, ಎಣ್ಣೆ ಬಿಟ್ಟು, ಮತ್ತೆ ಕಾಯಿಸಿ ತೆಗೆದರು. ಕೈಯಲ್ಲಿ ಒತ್ತಿ ತೋರಿಸಿದರು: ಒತ್ತಿದ್ದು ಒತ್ತಿದ ಹಾಗೇ ಉಳಿಯಿತು, ಮೇಲೆ ಬರಲೇ ಇಲ್ಲ. "ಇದರೊಳಗೆ ಜೀವ ಇಲ್ಲ ಕಣಮ್ಮ. ಹೊಸದನ್ನ ಒತ್ತಿ ನೋಡಿ" ಎಂದರು. ಹೊಸದನ್ನು ಒತ್ತಲು ನನ್ನ ಪೂರ್ತಿ ಭಾರ ಹಾಕಬೇಕಾಯಿತು. ಬಿಟ್ಟ ಮೇಲೆ ಅದು ಆತುರವಿಲ್ಲದೆ ತಾನಾಗಿ ಎದ್ದು ಬಂತು.

ಗಾಡಿಯ ಒಳಗೆ ಹೋಗಿದ್ದೆ. ನಿನಗೆ ಹೇಳಬೇಕೋ ಬೇಡವೋ ತಿಳಿಯದು. ಬಲಗಡೆ ತಗಡು ಒಳಕ್ಕೆ ನುಗ್ಗಿದ ಜಾಗ ಹಾಗೇ ಇದೆ. ಮಂಚದ ಕೆಳಗೆ ಬೆಕ್ಕು ಮರಿ ಹಾಕಿ ಹೋದ ಗುರುತಿದೆ. ಸ್ಟೌವ್ ಪಕ್ಕದ ಡಬ್ಬಿಯಲ್ಲಿ ಸಕ್ಕರೆ ಕಲ್ಲಾಗಿದೆ. ಎಲ್ಲವನ್ನೂ ತೆಗೆದು ತೊಳೆದೆ. ಲಿಂಗಮ್ಮ, ಬೈರಪ್ಪನವರ ಹೆಂಡತಿ, ಮುದ್ದೆ ಉಪ್ಸಾರು ಕೊಟ್ಟರು. ಗಾಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಊಟ ಮಾಡಿದೆ.

ಮುಂದಿನದು ಬ್ರೇಕ್. ಡ್ರಮ್ ಬಿಚ್ಚುವ ಮೊದಲು ಏನಾದರೂ ಹೇಳುವುದಿದ್ದರೆ ಬರೆ.

ನೀಲಾ


ಚಿತ್ರದುರ್ಗ
15 ಮಾರ್ಚ್ 2025

ನೀಲಾ,

ತೋಳಿಗೆ ಬಿಸಿನೀರಿನ ಶಾಖ ಕೊಡು. ಬ್ರಷ್ಷನ್ನು ನಿನ್ನ ಕಡೆಗೆ ಎಳೆಯಬೇಡ, ಹೊರಕ್ಕೆ ತಳ್ಳು.

ಡ್ರಮ್ ಬಿಚ್ಚುವಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಏರ್ ಪೈಪನ್ನೂ ಹಿಡಿಯಬೇಡಿ. ಹಳೇ ಶೂವಿನ ಧೂಳು ಎದೆಗೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಡ್ರಮ್ ಬರದಿದ್ದರೆ ಸುತ್ತಿಗೆಯಲ್ಲಿ ಅಂಚಿಗೆ ಹೊಡೆಯಬಾರದು, ಒಡೆದೀತು. ಮೊದಲು ಹಿಂಬದಿಯ ಅಡ್ಜಸ್ಟರ್ ಸಡಿಲಿಸಿ. ಅದಕ್ಕೆ ಹಲ್ಲುಗಳಿವೆ. ಒಂದೊಂದು ಹಲ್ಲು ತಿರುಗಿಸಿದಾಗಲೂ ಚಕ್ರವನ್ನು ಹಿಡಿಯುವ ಶೂ ಡ್ರಮ್ಮಿನಿಂದ ಒಂದಿಷ್ಟು ದೂರ ಸರಿಯುತ್ತದೆ.

ಬೈರಪ್ಪನವರಿಗೆ ಇನ್ನೊಂದು ಹೇಳು. ಗಾಡಿಯಲ್ಲಿ ಯಾರೂ ಬ್ರೇಕ್ ತುಳಿಯುವುದಿಲ್ಲ. ಜೀಪು ನಿಧಾನಿಸಿದಾಗ ಗಾಡಿ ತನ್ನ ಭಾರಕ್ಕೆ ಮುಂದೆ ಒತ್ತುತ್ತದೆ, ಆ ಒತ್ತಡವೇ ಕೊಂಡಿಯ ಒಳಗಿನ ಸಿಲಿಂಡರನ್ನು ಅದುಮಿ ಎರಡೂ ಚಕ್ರ ಹಿಡಿಸುತ್ತದೆ. ಎರಡೂ ಒಂದೇ ಸಮ ಹಿಡಿಯಬೇಕು. ಒಂದು ಹಿಡಿದು ಇನ್ನೊಂದು ಹಿಡಿಯದಿದ್ದರೆ ಗಾಡಿ ಪಕ್ಕಕ್ಕೆ ತಿರುಗಿಬಿಡುತ್ತದೆ.

ಹಾಗೇ ಆಯಿತು. ನಿನಗೆ ಆಸ್ಪತ್ರೆಯಲ್ಲಿ ಹೇಳಿದ್ದೆ, ನೀನು ಎಷ್ಟು ಕೇಳಿಸಿಕೊಂಡೆಯೋ ಗೊತ್ತಿಲ್ಲ. ಅಂದು ಬೆಳಿಗ್ಗೆ ಎಡಗಡೆಯ ಡ್ರಮ್ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಶೂ ಉಜ್ಜುತ್ತಿದೆ ಎಂದುಕೊಂಡು ದಾಬಸ್‌ಪೇಟೆ ದಾಟಿದ ಮೇಲೆ ರಸ್ತೆ ಪಕ್ಕ ನಿಲ್ಲಿಸಿ ಎರಡು ಹಲ್ಲು ಸಡಿಲಿಸಿದೆ. ಚನ್ನವೀರ ಚಹಾ ಕುಡಿಯುತ್ತಿದ್ದ. ಆಮೇಲೆ, "ಸ್ಪ್ರಿಂಗಿನ ಹತ್ತಿರ ಏನೋ ಲೊಟಕ್ ಲೊಟಕ್ ಅಂತೈತಿ, ಒಳಗ ಕೂತು ಕೇಳ್ತೀನಿ, ನೀ ಓಡಿಸು" ಎಂದು ಗಾಡಿಯೊಳಗೆ ಹೋದ. ಬೇಡ ಎನ್ನಬೇಕಿತ್ತು. ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕ್ ತುಳಿದಾಗ ಬಲಗಡೆ ಮಾತ್ರ ಹಿಡಿಯಿತು. ಕನ್ನಡಿಯಲ್ಲಿ ಗಾಡಿ ಅಡ್ಡ ತಿರುಗಿ ಬಂಡೆಯ ಕಡೆಗೆ ಹೋದದ್ದು ಕಾಣಿಸಿತು.

ಎರಡೇ ಹಲ್ಲು. ಒಂದು ಸಾಕಾಗಿತ್ತೇನೋ. ಹನ್ನೊಂದು ವರ್ಷದಿಂದ ದಿನಾ ಆ ಹಲ್ಲುಗಳನ್ನು ಎಣಿಸುತ್ತೇನೆ.

ಕೆಲಸ ಮುಂದುವರಿಸು. ಅಳತೆ ಬೇಕಾದರೆ ಕೇಳು.

ಜಗಣ್ಣ


ಚಿತ್ರದುರ್ಗ
27 ಏಪ್ರಿಲ್ 2025

ನೀಲಾ,

ಆರು ವಾರವಾಯಿತು. ನನ್ನ ಕಾಗದ ಸಿಕ್ಕಿತೋ ಇಲ್ಲವೋ. ಆ ಇಳಿಜಾರಿನ ವಿಷಯ ಬರೆದದ್ದು ತಪ್ಪಾಯಿತೇನೋ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಡ್ರಮ್ ಬಿಚ್ಚಿದಿರಾ? ಒಳಗೆ ಹೇಗಿದೆ ಎಂದು ಒಂದು ಸಾಲು ಬರೆದರೂ ಸಾಕು. ಇಲ್ಲಿ ಬಿಸಿಲು ಜಾಸ್ತಿ. ವೇಬ್ರಿಜ್ಜಿನ ಕ್ಯಾಬಿನ್ನಿಗೆ ಒಂದು ಫ್ಯಾನು ಹಾಕಿದ್ದಾರೆ. ಮೊನ್ನೆ ಒಬ್ಬ ಡ್ರೈವರ್ ಟ್ರೇಲರಿನ ಬ್ರೇಕ್ ಎಳೆಯುತ್ತಿದೆ ಎಂದು ಪಕ್ಕಕ್ಕೆ ನಿಲ್ಲಿಸಿಕೊಂಡು ಪರದಾಡುತ್ತಿದ್ದ. ಕಿಟಕಿಯಿಂದಲೇ ಹೀಗೆ ಮಾಡು ಎಂದು ಹೇಳಿದೆ, ಸರಿಹೋಯಿತು. ಇಳಿದು ಹೋಗಿ ಮುಟ್ಟಲಿಲ್ಲ. ಆದರೆ ಹೇಳಿದೆ. ನಿನ್ನ ಗಾಡಿಯಿಂದಾಗಿ ಬಾಯಿ ಸ್ವಲ್ಪ ಬಂದಿದೆ.

ಜಗಣ್ಣ


ಬಸವೇಶ್ವರನಗರ
11 ಮೇ 2025

ಜಗಣ್ಣನಿಗೆ,

ಕಾಗದ ಎರಡೂ ಸಿಕ್ಕಿವೆ. ಮಾವನಿಗೆ ಜ್ವರ ಬಂದಿತ್ತು, ಅಂಗಡಿಯಲ್ಲೂ ಕೆಲಸ ಹೆಚ್ಚಾಗಿತ್ತು. ಶಾಕ್ ಅಬ್ಸಾರ್ಬರ್ ಎರಡೂ ಕೂತವು. ಡ್ರಮ್ ಇನ್ನೂ ಬಿಚ್ಚಿಲ್ಲ.

ಆರೋಗ್ಯ ನೋಡಿಕೋ.

ನೀಲಾ


ಚಿತ್ರದುರ್ಗ
25 ಮೇ 2025

ತಂಗಿ ನೀಲಾ,

ಇನ್ನೂ ಬಿಚ್ಚದಿದ್ದರೆ ಒಳ್ಳೆಯದೇ ಆಯಿತು. ಹಾಗೇ ಇರಲಿ. ನಾನು ಬರುತ್ತೇನೆ.

ಬಹಳ ಯೋಚನೆ ಮಾಡಿ ಬರೆಯುತ್ತಿದ್ದೇನೆ. ಜೂನ್ ಹದಿನೈದರ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ನೇರ ಕೆಂಗೇರಿಗೆ ಬರುತ್ತೇನೆ, ಮನೆಗೆ ಬರುವುದಿಲ್ಲ. ಮಾವನ ಎದುರು ನಿಲ್ಲುವ ಮುಖ ನನಗಿಲ್ಲ. ಆ ಡ್ರಮ್ಮನ್ನು ನಾನೇ ಬಿಚ್ಚುತ್ತೇನೆ. ನಾನು ಮಾಡಿದ್ದನ್ನು ಒಂದು ಸಲ ಕಣ್ಣಾರೆ ನೋಡಬೇಕು. ನೋಡಿದ ಮೇಲೆ ಎಣಿಸುವುದು ನಿಂತರೂ ನಿಲ್ಲಬಹುದು.

ಪಾನಾ ಸೆಟ್ಟು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ.

ನಿನ್ನ ಅಣ್ಣ,
ಜಗನ್ನಾಥ


ಬಸವೇಶ್ವರನಗರ
8 ಜೂನ್ 2025

ಜಗಣ್ಣ,

ಬರಬೇಡ. ಮೊದಲು ಇದನ್ನು ಓದು, ಆಮೇಲೆ ನಿನಗೆ ತೋಚಿದಂತೆ ಮಾಡು.

ನಿನಗೆ ಸುಳ್ಳು ಬರೆದಿದ್ದೆ. ಡ್ರಮ್ ಬಿಚ್ಚಿದ್ದು ಮಾರ್ಚ್ ಇಪ್ಪತ್ತಮೂರಕ್ಕೆ, ಯುಗಾದಿಯ ಹಿಂದಿನ ಭಾನುವಾರ. ಅಂದಿನಿಂದ ಎರಡೂವರೆ ತಿಂಗಳು ನಾನು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ.

ಬಲಗಡೆಯದು ಮೊದಲು ಬಿಚ್ಚಿದರು. ಒಳಗೆ ತುಕ್ಕು, ಧೂಳು. ಶೂ ಒಣಗಿ ನೆಟ್ಟಗಿತ್ತು. ಆಮೇಲೆ ಎಡಗಡೆಯದು. ಡ್ರಮ್ ಹೊರಗೆ ಬಂದ ಕೂಡಲೇ ಬೈರಪ್ಪ ಕೈ ನಿಲ್ಲಿಸಿದರು. ಒಳಗೆಲ್ಲ ಕಪ್ಪಗೆ ಮೇಣದ ಹಾಗೆ ಗ್ರೀಸು ಗಟ್ಟಿಯಾಗಿ ಕೂತಿತ್ತು. ಶೂ ಎರಡೂ ಅದರಲ್ಲಿ ಅದ್ದಿ ತೆಗೆದಂತಿದ್ದವು. ಬೈರಪ್ಪ ಹಬ್ಬನ್ನು ಕಳಚಿ, ತಿರುಗಿಸಿ, ಟಾರ್ಚ್ ಬಿಟ್ಟು ನೋಡಿದರು. ಬೇರಿಂಗಿನ ಹಿಂದೆ ಒಂದು ರಬ್ಬರ್ ಬಳೆ ಇರುತ್ತದಲ್ಲ, ಆಯಿಲ್ ಸೀಲ್. ಅದನ್ನು ಬೆರಳಿನಿಂದ ತೋರಿಸಿ ಹೇಳಿದರು:

"ಅಮ್ಮಾ, ಇಲ್ನೋಡಿ. ಇದಕ್ಕೊಂದ್ ಕಡೆ ತುಟಿ ಐತೆ, ಒಳಗೆ ಸಣ್ಣ ಸ್ಪ್ರಿಂಗು. ಆ ತುಟಿ ಗ್ರೀಸ್ ಕಡೀಕೆ ಮುಖ ಮಾಡಿರ್ಬೇಕು. ಬಲಗಡೇದು ಹಂಗೇ ಐತೆ. ಇದನ್ನ ಯಾರೋ ತಿರುಗಾ ಮುರುಗಾ ಹಾಕವ್ರೆ. ಡ್ರಮ್ ಬಿಸಿಯಾದಾಗ ಗ್ರೀಸು ಕರಗಿ ಪೂರ್ತಿ ಬ್ರೇಕ್ ಮೇಲೆ ಇಳ್ದೈತೆ."

ನಾನು ನಿನ್ನ ಹಲ್ಲಿನ ವಿಷಯ ಹೇಳಿದೆ. ನಿನ್ನ ಕಾಗದ ಅಷ್ಟರಲ್ಲಿ ಬಂದಿತ್ತು. ಅವರು ಅಡ್ಜಸ್ಟರನ್ನು ಬಹಳ ಹೊತ್ತು ನೋಡಿದರು. "ಎರಡ್ ಹಲ್ಲು ಸಡ್ಲ ಮಾಡಿದ್ರೆ ಬ್ರೇಕು ಒಂಚೂರು ತಡ್ವಾಗಿ ಹಿಡಿಯೋದು, ಅಷ್ಟೇಯ. ಈ ಗ್ರೀಸಲ್ಲಿ ಎಷ್ಟ್ ಬಿಗಿ ಮಾಡಿದ್ರೂ ಹಿಡೀತಿರ್ಲಿಲ್ಲ. ನಿಮ್ಮಣ್ಣಂದು ಇದರಾಗೆ ಏನೂ ಇಲ್ಲ."

ಆಮೇಲೆ, "ಸೀಲ್ ಹಾಕಿದ್ದು ಯಾರಮ್ಮಾ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಗೊತ್ತಿತ್ತು.

ದೇವರಾಯನದುರ್ಗದ ಆ ಪ್ರವಾಸದ ಹಿಂದಿನ ವಾರ ನೀನು ಊರಿಗೆ ಹೋಗಿದ್ದೆ, ಅತ್ತಿಗೆಯ ತಮ್ಮನ ಮದುವೆಗೆ. ನಾಲ್ಕು ದಿನ ಇರಲಿಲ್ಲ. ಗುರುವಾರ ಮಧ್ಯಾಹ್ನ ನಾನು ಶೆಡ್ಡಿಗೆ ಬುತ್ತಿ ತೆಗೆದುಕೊಂಡು ಹೋದಾಗ ಅವರು ನೆಲದ ಮೇಲೆ ಹಬ್ ಇಟ್ಟುಕೊಂಡು ಕೂತಿದ್ದರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಯಾವುದೋ ಗಿರಾಕಿಗೆ ಕಬ್ಬಿಣದ ಗೇಟಿನ ಡಿಸೈನು ವಿವರಿಸುತ್ತಿದ್ದರು. ಮಾತಾಡುತ್ತಲೇ ಆ ಬಳೆಯನ್ನು ಕೂರಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಬಡಿದರು. ನಾನು, "ಅಣ್ಣ ಬಂದ ಮೇಲೆ ಮಾಡಬಾರದಾ?" ಎಂದೆ. ಫೋನಿಗೆ ಕೈ ಮುಚ್ಚಿ, "ಇದಕ್ಕೆಲ್ಲ ಜಗ್ಗು ಯಾಕ ಬೇಕು" ಎಂದು ನಕ್ಕರು. ಬದನೆಕಾಯಿ ಪಲ್ಯ ತಣ್ಣಗಾಗುತ್ತದೆ, ಬೇಗ ಬನ್ನಿ ಎಂದು ಅವಸರ ಮಾಡಿದವಳು ನಾನೇ.

ಬೈರಪ್ಪನವರಿಗೆ ನನ್ನ ಮುಖ ನೋಡಿ ಎಲ್ಲಾ ತಿಳಿದಿರಬೇಕು. ಸೀಲನ್ನು ಕಿತ್ತು ಬಟ್ಟೆಯಲ್ಲಿ ಸುತ್ತಿ, "ಬಿಸಾಕ್ಲಾ, ಇಟ್ಕಂತೀರಾ?" ಎಂದರು. ಬಿಸಾಕಿ ಎಂದೆ. ಅವರು ಬಿಸಾಕಿದರು. ಮನೆಗೆ ಬಂದೆ. ಮಾವ ಟಿ.ವಿ. ನೋಡುತ್ತಾ, "ಮಠದಾಗ ಜನ ಇದ್ದರೇನವ್ವಾ?" ಎಂದರು. ಇದ್ದರು ಎಂದೆ.

ಯಾರಿಗೂ ಹೇಳದೆ ಇದ್ದುಬಿಡಬಹುದು ಎಂದೇ ತೀರ್ಮಾನ ಮಾಡಿದ್ದೆ. ಅವರು ಫೋಟೋದಲ್ಲಿದ್ದಾರೆ. ನಾನು ಏನು ಹೇಳಿದರೂ ಹೌದೆನ್ನಲು, ಅಲ್ಲವೆನ್ನಲು ಬರುವುದಿಲ್ಲ. ಅವರ ಕೆಲಸದಲ್ಲಿ ಒಂದು ತಪ್ಪು ಇತ್ತು ಎಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ಆದರೆ ನೀನು ಪಾನಾ ಸೆಟ್ಟು ಇಳಿಸಿ ಒರೆಸಿಟ್ಟಿದ್ದೇನೆ ಎಂದು ಬರೆದೆ. ನೀನು ಬಂದು, ಒರೆಸಿ ಚೊಕ್ಕವಾದ ಆ ಡ್ರಮ್ಮನ್ನು ಬಿಚ್ಚಿ, ಅದರಲ್ಲಿ ನಿನ್ನ ತಪ್ಪನ್ನು ಹುಡುಕುವುದನ್ನು ನಿಂತು ನೋಡುವಷ್ಟು ಕೆಟ್ಟವಳಲ್ಲ ನಾನು. ಇಲ್ಲಿಯವರೆಗೆ ಕೆಟ್ಟದ್ದು ಮಾಡಿದ್ದು ಸಾಕು.

ಅದನ್ನೂ ಬರೆದುಬಿಡುತ್ತೇನೆ. ಅವರು ಹೋದ ಎಂಟನೇ ದಿನ ನೀನು ಮನೆ ಮುಂದೆ ಬಂದು ನಿಂತು, "ನೀಲಾ, ಒಂದ್ಸಲ ಡ್ರಮ್ ಬಿಚ್ಚಿ ನೋಡ್ತೀನಿ, ನನಗೆ ತಿಳೀಬೇಕು" ಎಂದೆ. ನಾನು, "ಕೊಂದದ್ದು ಸಾಲದಾ" ಎಂದು ಗೇಟ್ ಹಾಕಿದೆ. ಕೇರಿಯವರೆಲ್ಲ ನೋಡುತ್ತಿದ್ದರು. ಅಂದು ಬಿಚ್ಚಿದ್ದರೆ ಒಂದೇ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತಿತ್ತು. ಅವರು ಮಾಡಿದ್ದು ಕಣ್ತಪ್ಪು. ನಾನು ಮಾಡಿದ್ದು ಕಣ್ತಪ್ಪಲ್ಲ.

ಮಾವನಿಗೆ ಹೇಳಿಲ್ಲ.

ನೀಲಾ


ಚಿತ್ರದುರ್ಗ
20 ಸೆಪ್ಟೆಂಬರ್ 2025

ನೀಲಾ,

ನಿನ್ನ ಕಾಗದ ಜೂನ್ ಹದಿಮೂರಕ್ಕೆ ಸಿಕ್ಕಿತು. ಕ್ಯಾಬಿನ್ನಿನಲ್ಲಿ ಕೂತು ಓದಿದೆ. ಎಷ್ಟು ಲಾರಿ ಸಾಲು ನಿಂತಿದ್ದವೋ, ಹಾರ್ನ್ ಹೊಡೆದದ್ದೂ ಕೇಳಿಸಲಿಲ್ಲ. ಮಾಲೀಕರು ಗೂಳಪ್ಪನವರು ಬಂದು ಭುಜ ಅಲ್ಲಾಡಿಸಿ, "ಯಾರಾದ್ರೂ ಹೋದ್ರೇನ್ರೀ?" ಎಂದರು. ಹೌದು ಎಂದೆ.

ಮೂರು ತಿಂಗಳು ಬರೆಯಲಿಲ್ಲ. ಬರೆದರೆ ಏನೇನು ಬರೆಯುತ್ತಿದ್ದೆನೋ ಎಂಬ ಭಯವಿತ್ತು. ಈಗಲೂ ಸಿಟ್ಟು ಹೋಗಿಲ್ಲ. ಹೋಗಿದೆ ಎಂದು ಬರೆದರೆ ನಾನೂ ಸುಳ್ಳು ಬರೆದ ಹಾಗಾಗುತ್ತದೆ. ನನಗೆ ಅರವತ್ತಮೂರು. ಐವತ್ತೆರಡಕ್ಕೆ ಕೈಯಿಂದ ಪಾನಾ ಕೆಳಗಿಟ್ಟೆ. ನನ್ನ ಕೈ ಮೇಲೆ ನನಗೆ ನಂಬಿಕೆ ಹೋಗಿತ್ತು. ನಿನ್ನ ಅತ್ತಿಗೆ ತೀರಿಕೊಳ್ಳುವ ಮೊದಲು ಒಂದು ಸಲ, ಕುಕ್ಕರಿನ ಹಿಡಿ ಸಡಿಲವಾಗಿದೆ ಬಿಗಿ ಮಾಡಿ ಎಂದಳು. ಆ ಒಂದು ಸ್ಕ್ರೂವನ್ನು ನಾನು ಅಂಗಡಿಗೆ ಒಯ್ದು ಹಾಕಿಸಿಕೊಂಡು ಬಂದೆ. ಅವಳು ಇದ್ದಾಗ ನಿನ್ನ ಈ ಕಾಗದ ಬಂದಿದ್ದರೆ ಎಂದು ಯೋಚಿಸುತ್ತೇನೆ, ಯೋಚಿಸಬಾರದು ಎಂದುಕೊಂಡರೂ.

ಚನ್ನವೀರನ ಮೇಲೆ ಸಿಟ್ಟು ಬರುತ್ತಿಲ್ಲ. ಅದು ನನಗೇ ಆಶ್ಚರ್ಯ. ಸೀಲು ಯಾರ ಕೈಯಲ್ಲಾದರೂ ತಿರುಗಿ ಕೂರಬಹುದು, ನನ್ನ ಕೈಯಲ್ಲೂ ಎಷ್ಟೋ ಸಲ ಕೂತು, ತೆಗೆದು ಮತ್ತೆ ಹಾಕಿದ್ದಿದೆ. ನಾನು ಅಲ್ಲಿದ್ದರೆ ನೋಡುತ್ತಿದ್ದೆ. ಅವನು ನನ್ನದನ್ನು ನೋಡುತ್ತಿದ್ದ, ನಾನು ಅವನದನ್ನು. ಹಾಗೇ ಹದಿನೆಂಟು ವರ್ಷ ಕೆಲಸ ಮಾಡಿದೆವು.

ನೀಲಾ, ಅವನು ಹೋದಾಗ ನಾನು ಅಳಲಿಲ್ಲ. ನೀನು ಗಮನಿಸಿರಲಿಕ್ಕಿಲ್ಲ. ಗೆಳೆಯನಿಗಾಗಿ ಅಳುವ ಹಕ್ಕು ಕೊಂದವನಿಗೆ ಇರುವುದಿಲ್ಲ ಎಂದುಕೊಂಡಿದ್ದೆ. ಜೂನ್ ಹದಿಮೂರರ ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹನ್ನೊಂದು ವರ್ಷದ ಮೇಲೆ ನನ್ನ ಚನ್ನವೀರ ಸತ್ತ.

ಇನ್ನೊಂದು ಮಾತು. ಕೊಂದದ್ದು ಎಂದು ಅಂದು ನೀನು ಕೇರಿಗೆಲ್ಲ ಕೇಳಿಸುವಂತೆ ಹೇಳಿದೆ. ಈಗ ನನಗೊಬ್ಬನಿಗೆ, ಅಂಟಿಸಿದ ಲಕೋಟೆಯಲ್ಲಿ ಹೇಳಿದ್ದೀಯ. ಹೋದ ವರ್ಷ ಚಿಕ್ಕವ್ವನ ಮಗ ರುದ್ರಮುನಿಯ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು, ನಾನು ಯಾರೆಂದು ತಿಳಿದ ಮೇಲೆ ಎಲೆ ಬಿಟ್ಟು ಎದ್ದು ಹೋದರು. ಇದನ್ನು ಮಾಡು ಅದನ್ನು ಮಾಡು ಎಂದು ನಾನು ಹೇಳುವುದಿಲ್ಲ. ಮಾವನ ವಯಸ್ಸು ನನಗೂ ಗೊತ್ತು.

ಸದ್ಯಕ್ಕೆ ನಾನು ಬರುವುದಿಲ್ಲ. ಎರಡೂ ಕಡೆ ಹೊಸ ಸೀಲ್ ಹಾಕುವಾಗ ನೀನೇ ನಿಂತು ನೋಡು.

ಜಗನ್ನಾಥ


ಕೆಂಗೇರಿ
7 ಡಿಸೆಂಬರ್ 2025

ಜಗಣ್ಣನಿಗೆ,

ಈ ಕಾಗದ ಗಾಡಿಯೊಳಗೆ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಮೂರು ಗಂಟೆ. ಬೈರಪ್ಪ, ಲಿಂಗಮ್ಮ ನೆಂಟರ ಮನೆಗೆ ಹೋಗಿದ್ದಾರೆ. ಆಚೆ ಮೆಟ್ರೋ ಹೋಗುವ ಸದ್ದು ಬಿಟ್ಟರೆ ಏನೂ ಇಲ್ಲ.

ನೀನು ಮಾಡು ಎನ್ನಲಿಲ್ಲ, ಆದರೆ ಅದನ್ನು ಓದಿದ ಮೇಲೆ ಮಾಡದೆ ಇರಲಾಗಲಿಲ್ಲ. ದೀಪಾವಳಿ ಪಾಡ್ಯದ ದಿನ ಹನುಮವ್ವ ಚಿಕ್ಕವ್ವನ ಮನೆಯಲ್ಲಿ ಎಲ್ಲರೂ ಸೇರಿದ್ದರು, ನಮ್ಮವರು, ಅವರ ಕಡೆಯವರು, ಇಪ್ಪತ್ತೈದು ಮೂವತ್ತು ಜನ. ಮಾವನಿಗೆ ಹಿಂದಿನ ದಿನವೇ ಒಬ್ಬರಿಗೇ ಕೂರಿಸಿ ಹೇಳಬೇಕೆಂದುಕೊಂಡಿದ್ದೆ. ಅವರು ಮಗನ ಫೋಟೋಗೆ ಹೂ ಹಾಕುತ್ತಿದ್ದರು. ಧೈರ್ಯ ಬರಲಿಲ್ಲ. ಅದು ನಾನು ಮಾಡಿದ ಇನ್ನೊಂದು ತಪ್ಪು.

ಊಟ ಆದ ಮೇಲೆ, ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಎದ್ದು ನಿಂತು ಹೇಳಿದೆ. ಡ್ರಮ್ಮು, ಗ್ರೀಸು, ಸೀಲು, ಆ ಗುರುವಾರ, ಎಲ್ಲ. ನಿನ್ನದೇನೂ ತಪ್ಪಿರಲಿಲ್ಲ, ತಪ್ಪು ಅಂದವಳು ನಾನು ಎಂದೆ. ರುದ್ರಮುನಿ, "ಹೋಗಿದ್ದು ಹೋಯ್ತು ಬುಡಕ್ಕ, ಹಬ್ಬದ ದಿನ ಯಾಕೆ ಇದು" ಎಂದ. "ಇವತ್ತೇ ಯಾಕಂದ್ರೆ ನೀವೆಲ್ಲರೂ ಮತ್ತೆ ಒಂದೇ ಕಡೆ ಸಿಗೋದು ಯಾವಾಗ್ಲೋ" ಎಂದೆ.

ಮಾವ ಕೋಲು ಊರಿಕೊಂಡು ಎದ್ದರು. "ಸತ್ತಾಂವ ಎದ್ದು ಬಂದು ಅಲ್ಲ ಅಂತಾನೇನವ್ವಾ" ಎಂದರು. ಹಿಂತಿರುಗುವಾಗ ಆಟೋದಲ್ಲಿ ನನ್ನ ಕಡೆ ತಿರುಗಲಿಲ್ಲ. ಮೂರು ದಿನ ನಾನು ಬಡಿಸಿದ್ದನ್ನು ಉಂಡರು, ಮಾತಾಡಲಿಲ್ಲ. ನಾಲ್ಕನೇ ದಿನ ದಾವಣಗೆರೆಯಿಂದ ಮೈದುನ ಗಿರಿರಾಜ್ ಕಾರು ತಂದು ಕರೆದುಕೊಂಡು ಹೋದ. ಬಟ್ಟೆ, ಮಾತ್ರೆ, ಲಿಂಗದ ಕರಡಿಗೆ, ಫೋಟೋ. ಅಣ್ಣ, ಅವರ ಫೋಟೋವನ್ನೂ ಗೋಡೆಯಿಂದ ತೆಗೆದುಕೊಂಡು ಹೋದರು. ಅಲ್ಲಿ ಬಿಳಿ ಚೌಕ ಉಳಿದಿದೆ. ನಾನು ಬೇಡವೆನ್ನಲಿಲ್ಲ. ಮಗನನ್ನು ಕರೆದುಕೊಂಡು ಹೋಗುವುದು ಅಪ್ಪನಿಗೆ ಬಿಟ್ಟದ್ದು.

ಈಗ ಬೆಳಿಗ್ಗೆ ಒಂದೇ ಲೋಟ ಕಾಫಿ. ಅಂಗಡಿಯಿಂದ ಬಂದು ಬಾಗಿಲು ತೆಗೆದಾಗ, ಯಾಕೆ ತಡ ಎಂದು ಕೇಳುವವರಿಲ್ಲ. ತಡ ಆಗುವುದಿಲ್ಲ, ಆದರೂ. ಆದದ್ದನ್ನು ಹೇಳುತ್ತಿದ್ದೇನೆ, ಅಯ್ಯೋ ಎನ್ನಬೇಕೆಂದಲ್ಲ.

ಗಾಡಿ ಮುಗಿಯಿತು. ಸೀಲ್ ಎರಡನ್ನೂ ನಾನೇ ಕೂರಿಸಿದೆ. ಹಾಕುವ ಮೊದಲು ಬೈರಪ್ಪನವರಿಗೆ ತೋರಿಸಿದೆ, ಹಾಕಿದ ಮೇಲೂ ತೋರಿಸಿದೆ. ಅವರು ನನಗೆ ತೋರಿಸಿದರು. ಹೋದ ಭಾನುವಾರ ಅವರ ಜೀಪಿಗೆ ಕಟ್ಟಿ ಮಾಗಡಿ ಕಡೆಯ ಒಂದು ಇಳಿಜಾರಿಗೆ ಒಯ್ದೆವು. ನಾನು ಕೆಳಗೆ ರಸ್ತೆ ಪಕ್ಕ ನಿಂತೆ. ಗಾಡಿಯೊಳಗೆ ಯಾರೂ ಇರಲಿಲ್ಲ. ಬೈರಪ್ಪ ಮೇಲಿನಿಂದ ಇಳಿದು ಬಂದು ನನ್ನ ಎದುರಿಗೇ ಬ್ರೇಕ್ ತುಳಿದರು. ಗಾಡಿ ಒಂದು ಸಲ ಮುಂದಕ್ಕೆ ಬಾಗಿ, ಶಾಕ್ ಅಬ್ಸಾರ್ಬರಿನ ಮೇಲೆ ಕೂತು, ನೇರವಾಗಿ ನಿಂತಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಐದು ಸಲ ಮಾಡಿಸಿದೆ. ಐದು ಸಲವೂ ಹಾಗೇ. ಆರನೆಯ ಸಲ ಬೈರಪ್ಪ ತಲೆ ಹೊರಗೆ ಹಾಕಿ, "ಸಾಕೇನಮ್ಮಾ?" ಎಂದರು. ನಾನು ಅಳುತ್ತಿದ್ದೆ, ಕೈ ಬೀಸಿ ಸಾಕು ಎಂದೆ.

ಇದನ್ನು ಎಲ್ಲಿಗೆ ಎಳೆಸಿಕೊಂಡು ಹೋಗಬೇಕು ಎಂದು ಇನ್ನೂ ತಿಳಿದಿಲ್ಲ. ಸದ್ಯಕ್ಕೆ ಭಾನುವಾರ ಇಲ್ಲಿ ಬಂದು ಕೂರುತ್ತೇನೆ.

ಬರೆಯಲು ಹೊರಟದ್ದು ಇಷ್ಟೇ ಅಲ್ಲ. ನಿನ್ನೆ ಸಂಜೆ ಮಾವ ಫೋನ್ ಮಾಡಿದ್ದರು, ಆರು ವಾರದ ಮೇಲೆ. ಹೆಸರು ಹಿಡಿದು ಕರೆಯಲಿಲ್ಲ, ಹೇಗಿದ್ದೀ ಎನ್ನಲಿಲ್ಲ. "ಜಗನ್ನಾಥನ ವಿಳಾಸ ಹೇಳು" ಎಂದರು. ಮನೆ ನಂಬರು, ಅಡ್ಡರಸ್ತೆ, ವೇಬ್ರಿಜ್ಜಿನ ಗುರುತು ಹೇಳಿದೆ. ಅಕ್ಷರ ಅಕ್ಷರ ಬಿಡಿಸಿ ಬರೆದುಕೊಂಡರು, ಕಣ್ಣು ಸರಿಯಿಲ್ಲದ್ದರಿಂದ ನಿಧಾನವಾಗಿ. ಆಮೇಲೆ ದಾವಣಗೆರೆಯಿಂದ ದುರ್ಗಕ್ಕೆ ಬಸ್ಸು ಎಷ್ಟು ಹೊತ್ತು ಎಂದು ಕೇಳಿದರು. ಒಂದೂವರೆ ಗಂಟೆ ಆಗಬಹುದು, ಒಬ್ಬರೇ ಹೋಗಬೇಡಿ, ಗಿರಿರಾಜನನ್ನು ಕರೆದುಕೊಂಡು ಹೋಗಿ ಎಂದೆ.

"ಒಬ್ನ ಹೋಗಬೇಕು ಇದಕ್ಕ" ಎಂದು ಫೋನಿಟ್ಟರು.

ಬಂದರೆ, ಅವರಿಗೆ ಸಕ್ಕರೆ ಹಾಕದ ಚಹಾ ಕೊಡು. ಮೆಟ್ಟಿಲಿದ್ದರೆ ಕೈ ಹಿಡಿದುಕೋ.

ನೀಲಾ